ಮೂರು ಇಪ್ಪತ್ತೇಳು ಎಲ್ಲಿ ಹೋದುವು

ಜುಲೈ ೨೮, ೨೦೨೫, ಸೋಮವಾರ

ಶ್ರಾವಣದ ಮೊದಲ ಸೋಮವಾರ, ಉಪಾಸ. ಐದಕ್ಕ ಎದ್ದು ಅಂಗಳಾ ಗುಡಿಸಿ, ಸಗಣಿ ಬಳದು, ಎಮ್ಮಿ ಹಿಂಡಿದೆ. ಹಾಲು ಡೇರಿಗೆ ಹಾಕಿ ಬಂದು ಜಳಕಾ ಮಾಡಿ, ಬೀರದೇವರ ಗುಡಿಗೆ ಹೋಗಿ ಹಣಿಗೆ ಭಂಡಾರ ಹಚ್ಚಿಕೊಂಡು ಬಂದೆ. ಸೊಸಿ ಸಾಬೂದಾಣಿ ನೆನಸಿಟ್ಟಿದ್ದಳು, ಹುರಿಯೂದು ಮರತು ಪುಸ್ತಕ ಹಿಡಕೊಂಡು ಕುಂತಿದ್ದಳು. ನಾನ ಹುರದೆ.

ಮನಿಯಾಗ ಈಗ ನಾವಿಬ್ಬರ. ಮಳಿಗಾಲದಾಗ ನಮ್ಮ ಕಬ್ಬೂರಿನ ಹಸೀ ನೆಲದಾಗ ಕುರಿಗಳ ಗೊರಸು ಕೊಳೀತಾವ ಅಂತ ನಮ್ಮ ಮನಿಯವರು, ಮಗ ಮಾಳಸಿದ್ದ ಇಬ್ಬರೂ ಹಿಂಡು ಹೊಡಕೊಂಡು ಅಥಣಿ ಆಚಿ ಒಣಾ ನೆಲಕ್ಕ ಹೋಗ್ಯಾರ. ವಾರಕ್ಕೊಮ್ಮೆ ಮೈದುನ ಅಮೋಘಸಿದ್ದ ಮೋಟರ್‌ಸೈಕಲ್ ಮ್ಯಾಲೆ ಅವರಿಗೆ ಹಿಟ್ಟು, ಚಟ್ನಿ ಒಯ್ದು ಕೊಟ್ಟು ಬರತಾನ.

ಸೊಸಿ ಮನಿಷಾ ಚಿಕ್ಕೋಡಿ ಕಾಲೇಜಿನಾಗ ಬಿಸಿಎ ಓದತಾಳ. ಎಲ್ಲಾ ಪಾಸಾಗಿ ಜಾವಾ ಅನ್ನೂ ಕಂಪ್ಯೂಟರ್ ಭಾಷಾದ ಲ್ಯಾಬ್ ಪರೀಕ್ಷಾ ಒಂದ ಉಳದೈತಿ. ಎರಡು ಸಲ ಕೂತು ಎರಡೂ ಸಲ ಬಿದ್ದಾಳ. ಆಗಸ್ಟ್ ಇಪ್ಪತ್ತಕ್ಕ ಮೂರನೇ ಸಲ. ನಮ್ಮ ಮನಿಯವರು ಹೋಗೂ ಮುಂದ ಹೊಸ್ತಿಲ ಮ್ಯಾಲೆ ನಿಂತು ಹೇಳಿದ್ದಾರ, "ಈ ಸಲ ಪಾಸಾದ್ರ ಮುಂದ ಓದ್ಲಿ. ಇಲ್ಲಂದ್ರ ದಸರಾಕ್ಕ ಪುಸ್ತಕಾ ಟ್ರಂಕಿಗೆ ಹಾಕಿ ಹಿಂಡಿನ ಹಿಂದ ಬರ್ಲಿ." ನನಗೂ ಅದ ಸರಿ ಅನಸಿತ್ತು. ಎರಡು ಸಲ ಬೀಳೂದಂದ್ರ ದೇವರ ಮನಸಿನಾಗ ಇಲ್ಲ ಅಂತ ತಿಳಕೊಬೇಕು.

ಮಧ್ಯಾಹ್ನ ಬಂದು ನನ್ನ ಮುಂದ ಕುಂತಳು.

"ಅತ್ತೀ, ನಾ ಓದಿದ್ದು ನಿಮಗ ಹೇಳ್ಲಿ? ಕಾಲೇಜಿನಾಗ ಜಾವಾ ಕಲಸೂ ಸೀಮಾ ಮೇಡಂ ಹೇಳ್ಯಾರ, ಏನೂ ಗೊತ್ತಿಲ್ಲದವ್ರಿಗೆ ತಿಳಿಸಿ ಹೇಳಿದ್ರ ನಮಗೂ ತಿಳೀತೈತಂತ."

"ಊರಾಗ ಏನೂ ಗೊತ್ತಿಲ್ಲದಾಕಿ ನಾನ ಒಬ್ಬಾಕಿ ಸಿಕ್ಕೆನೇನ?" ಅಂದೆ.

ನಾಲಗಿ ಕಚ್ಚಿಕೊಂಡಳು. ಹೇಳು, ಶೇಂಗಾ ಸುಲೀತ ಕೇಳತೀನಿ ಅಂದೆ. ಒಂದು ತಾಸು ಹೇಳಿದಳು. ಶೇಂಗಾ ಸುಲದು ಮುಗೀತು, ಮತ್ತೇನೂ ಆಗಲಿಲ್ಲ.

ಜುಲೈ ೩೦, ಬುಧವಾರ

ಪಂಚಮಿ ಮುಗೀತು, ಡಬ್ಬಿಯಾಗ ಉಂಡಿ ಇನ್ನೂ ಅದಾವ. ಇವತ್ತು ಒಂದು ಮಾತು ತಿಳೀತು. ಅದನ್ನ ಬರದಿಡಬೇಕು, ಇಲ್ಲಂದರ ನಾಳೆ ಮರತೀನು.

ಮನಿಷಾ ಹಾಳಿ ಮ್ಯಾಲೆ ಬರದಳು. ಎಡಕ್ಕ ಎರಡು ಅಕ್ಷರ, ನಡುವ ಒಂದು ಬಾಣ, ಬಲಕ್ಕ ಅವ ಎರಡು ಅಕ್ಷರದ ನಡುವ ಕೂಡಸೂ ಚಿಹ್ನೆ. ಇದಕ್ಕ ಲ್ಯಾಂಬ್ಡಾ ಅಂತಾರಂತ. ಎಡಕ್ಕ ಕೊಟ್ಟದ್ದು, ಬಲಕ್ಕ ಬಂದದ್ದು.

"ಹೋದ ಸಲ ಕೂಡಸೂ ಬದಲು ಗುಣಸು ಅಂದ್ರು, ಅತ್ತಿ. ನಾ ಕೂಡಸೂದು ಅಷ್ಟ ಬಾಯಿಪಾಠ ಮಾಡಿದ್ದೆ. ಅಷ್ಟಕ್ಕ ಬಿಟ್ಟು ಎದ್ದು ಬಂದೆ."

"ಬಾಣದ ಬಲಗಡೆ ಆ ಒಂದ ಚಿಹ್ನೆ ಅಳಿಸಿ ಬ್ಯಾರೆ ಹಾಕಿದ್ರ ಆಗ್ತಿದ್ದಿಲ್ಲೇನ?"

ಹುಡುಗಿ ಹಾಳಿ ಎಳಕೊಂಡು ಆ ಚಿಹ್ನೆ ಅಳಿಸಿ ಗುಣಸೂದು ಹಾಕಿದಳು. ಹೌದ್ರಿ ಅಂದಳು. ಆಮ್ಯಾಲೆ ಇಬ್ಬರೂ ನಕ್ಕಿವಿ. ಅಳೂದಕ ಹತ್ತಿದ್ದಳೋ ನಗೂದಕ ಹತ್ತಿದ್ದಳೋ ಮೊದಲಿಗೆ ತಿಳೀಲಿಲ್ಲ.

ಆಗಸ್ಟ್ ೧, ಶುಕ್ರವಾರ

ಫಂಕ್ಷನಲ್ ಇಂಟರ್‌ಫೇಸ್ ಅಂದರ ಒಂದ ಒಂದು ಕೆಲಸದ ಮಾತು. ಈ ಹೆಸರಿನಾಂವ ಇದನ್ನ ತಗೊಂಡು ಇದನ್ನ ಕೊಡಬೇಕು ಅಂತ ಮೊದಲ ಬರದಿಡೂದು. ಹೆಂಗ ಮಾಡಬೇಕು ಅನ್ನೂದು ಆಮ್ಯಾಲೆ, ಬಾಣ ಹಾಕಿ ಹೇಳೂದು. ಎರಡು ಕೆಲಸಾ ಹಚ್ಚಿದರ ಜಾವಾ ಒಪ್ಪೂದಿಲ್ಲಂತ.

"ಇದು ನಮ್ಮ ಮನಿ ಗಂಡಸರಿಗೂ ಇರಬೇಕಿತ್ತು," ಅಂದೆ. "ಒಂದ ಕೆಲಸಾ ಹೇಳಿದ್ರೂ ಮುಗಸೂದಿಲ್ಲ."

ಇನ್ನೊಂದು ಸೋಜಿಗ. ಆ ಕೆಲಸಾನ ಎತ್ತಿ ಬ್ಯಾರೆದವರ ಕೈಯಾಗ ಕೊಡಬಹುದಂತ. ಬೀಸೂ ಕಲ್ಲಲ್ಲ, ಬೀಸೂದನ್ನ! ರಾಗಿಯಾದರೂ ಹಾಕು ಜ್ವಾಳಾ ಆದರೂ ಹಾಕು, ಹೇಳಿದಾಗ ಬೀಸತೈತಿ, ಹೇಳೂ ತನಕ ಸುಮ್ಮ ಇರತೈತಿ. ರೊಟ್ಟಿ ಬಡಿಯೂ ಮುಂದ ಇದನ್ನ ವಿಚಾರ ಮಾಡಿ ಒಂದು ರೊಟ್ಟಿ ಸೀದುಹೋತು.

ಆಗಸ್ಟ್ ೪, ಸೋಮವಾರ

ಎರಡನೇ ಸೋಮವಾರ, ಉಪಾಸ. ಹಸಿವಿನ ನೆನಪ ಆಗಲಿಲ್ಲ.

ಮುಂಜಾನೆ ಮಾಳಸಿದ್ದ ಫೋನ್ ಮಾಡಿದ್ದ. ಮಳಿಗಾಲದ ಹುಳಾ ಬೀಳಾಕ ಕುರಿಗಳಿಗೆ ಔಷಧ ಕುಡಸಬೇಕು, ತೂಕಾ ನೋಡಿ ಕುಡಸ್ರಿ ಅಂತ ದನದ ಡಾಕ್ಟರು ಹೇಳ್ಯಾರ. ಹತ್ತು ಕಿಲೋಕ್ಕ ಮೂರು ಎಮ್ಮೆಲ್. ಹತ್ತು ಕಿಲೋ ತುಂಬದ ಮರಿಗಳಿಗೆ ಇದು ಬ್ಯಾಡ. ಗಬ್ಬದವನ್ನ ಮೊದಲ ಬ್ಯಾರೆ ಮಾಡ್ಯಾರ. ಮಗ ಒಂದೊಂದನ್ನೂ ತೂಗು ತಕ್ಕಡಿಗೆ ಹಾಕಿ ತೂಕಾ ಬರದು ಹಾಳಿಯ ಫೋಟೊ ಕಳಸಿದ. ಒಟ್ಟು ಎಷ್ಟು ಔಷಧ ಅಂತ ಲೆಕ್ಕಾ ಮಾಡಿ ಚಿಕ್ಕೋಡಿಂದ ತಂದು ಕಳಸ್ರಿ ಅಂದ.

ಮನಿಷಾನ ಮಾರಿ ಅರಳಿತು. "ಅತ್ತೀ, ಇದನ್ನ ಪ್ರೋಗ್ರಾಮ್ ಮಾಡೂನು? ಪರೀಕ್ಷಾದಾಗ ಇಂಥಾದ್ದ ಕೇಳ್ತಾರ."

ಪ್ರೋಗ್ರಾಮಿನೊಳಗ ಕೆಲಸಾ ಮಾಡಾಕ ಮೂರು ಮಂದಿ ಬೇಕಾದರು. ಆಕಿ ಒಂದೊಂದ ಹೆಸರು ಹೇಳಿದಳು, ನಾ ಗುರುತು ಹಿಡದೆ.

"ಮೊದಲನೇದ್ದು ಪ್ರೆಡಿಕೇಟ್. ಹತ್ತು ಕಿಲೋ ಮ್ಯಾಲ ಇದ್ರ ಹೌದು ಅಂತೈತಿ, ಇರದಿದ್ರ ಇಲ್ಲ ಅಂತೈತಿ."

"ಕುರಿ ದಡ್ಡಿ ಬಾಗಲದಾಗ ಕೋಲು ಹಿಡದು ನಿಂತಾಂವ."

"ಎರಡನೇದ್ದು ಫಂಕ್ಷನ್. ತೂಕಾ ಒಳಗ ಕೊಟ್ರ ಔಷಧ ಎಷ್ಟಂತ ಹೊರಗ ಬರ್ತೈತಿ."

"ಬಾಟ್ಲಿ ಹಿಡದು ಕುಂತಾಂವ."

"ಮೂರನೇದ್ದು ಬೈನರಿ ಆಪರೇಟರ್. ಹಿಂದಿಂದಕ್ಕ ಹೊಸಾದ್ದು ಕೂಡಸ್ಕೋತ ಹೋಗ್ತೈತಿ, ಕಡಿಕ್ಕ ಒಂದ ಉಳೀತೈತಿ."

"ಅಂವ ನಮ್ಮ ಮಾವ! ಮೂವತ್ತು ವರ್ಷದ ಸಿಟ್ಟು ಹಂಗ ಕೂಡಸ್ಕೋತ ಬಂದಿದ್ದ."

ಮನಿಷಾ ನಕ್ಕು ನಕ್ಕು ಸೆರಗು ಬಾಯಿಗೆ ಹಚ್ಚಿಕೊಂಡಳು.

ತೂಕಗಳನ್ನೆಲ್ಲಾ ಹಾಕಿ ಇಡಾಕ ಒಂದು ಬೇಕಲ್ಲ, ಅದಕ್ಕ ಕಲೆಕ್ಷನ್ ಅಂತಾರ. ಅದರಾಗ ಥರಾವರಿ ಅದಾವ. ಮನಿಷಾ ಸೆಟ್ ಅನ್ನೂದರಾಗ ಒಂದು ಥರದ್ದನ್ನ ಆರಿಸಿದಳು. ಸಣ್ಣದರಿಂದ ದೊಡ್ಡದರ ತನಕ ತಾನ ಸಾಲು ಹಚ್ಚತೈತಂತ, ನೋಡಾಕ ಚಂದ.

ಕಡೀ ಸಾಲಿನಾಗ ಒಟ್ಟು ಕುರಿ ಎಷ್ಟು ಅಂತ ಬರೂವಂಗ ಬರದಿದ್ದಳು. ನಾ ಲ್ಯಾಪ್‌ಟಾಪಿನ ಮ್ಯಾಲೆ ಕೈ ಇಟ್ಟೆ. ಅದನ್ನ ತಗೀ ಅಂದೆ. ನಮ್ಮ ಮನಿಯಾಗ ಕುರಿ ಎಣಸೂದಿಲ್ಲ. ಎಣಿಸಿದರ ಹಿಂಡಿಗೆ ಕಣ್ಣು ಬೀಳತೈತಿ. ಸಂಜಿಕ್ಕ ಹಿಂಡು ದಡ್ಡಿಗೆ ಬಂದ ಮ್ಯಾಲೆ ನಮ್ಮ ಮನಿಯವರು ಮಾರಿ ನೋಡಿಕೋತ ಹೋಗಿ, ಯಾವದು ಬಂದಿಲ್ಲ ಅಂತ ಹೇಳತಾರ. ಎಷ್ಟದಾವ ಅಂತ ನಾ ಇಲ್ಲೂ ಬರಿಯೂದಿಲ್ಲ. ಬೀರದೇವರು ಬಲ್ಲ.

ಮನಿಷಾ ಆ ಸಾಲು ಅಳಿಸಿದಳು. ಗುಂಡಿ ಒತ್ತಿದಳು. ಎರಡನೂರಾ ಮೂವತ್ತೈದು ಎಮ್ಮೆಲ್ ಅಂತ ಬಂತು. ಕಣ್ಣು ಮಿಟುಕಿಸೂದರಾಗ! ನಾ ದೇವರಿಗೆ ಕೈ ಮುಗದೆ.

ಆಗಸ್ಟ್ ೭, ಗುರುವಾರ

ಔಷಧ ಅಳದು ಬಾಟ್ಲಿಗೆ ಹಾಕಿ ಅಮೋಘಸಿದ್ದನ ಕೈಯಾಗ ಕೊಟ್ಟು ಕಳಸಿದಿವಿ. "ಇದು ನಿನ್ನ ಅಣ್ಣನ ಸೊಸಿ ಮಾಡಿದ ಲೆಕ್ಕ ಅಂತ ಹೇಳು," ಅಂದೆ. ಡೇರಿಯಾಗ ನಾಕು ಮಂದಿಗೂ ಹೇಳಿದೆ. ಹೇಳಬಾರದಿತ್ತೇನೋ, ಬಾಯಿ ತಡೀಲಿಲ್ಲ.

ಆಗಸ್ಟ್ ೧೦, ರವಿವಾರ

ಅಮೋಘಸಿದ್ದ ಬಂದ. ಗಾಡಿ ಸ್ಟ್ಯಾಂಡ್ ಹಾಕೂದಕ ಮೊದಲ ಹೇಳಿದ.

"ವೈನಿ, ಅಣ್ಣ ಬೆಂಕಿ ಆಗ್ಯಾನ. ಔಷಧ ಸಾಲಲಿಲ್ಲ. ಮೂರರಾಗ ಒಂದು ಪಾಲಕಿಂತ ಹೆಚ್ಚ ಕುರಿ ಹಂಗ ಉಳದಾವ."

"ಚೆಲ್ಲಿರಬೇಕು," ಅಂದೆ.

"ಯಾರ ಚೆಲ್ಲ್ಯಾರ? ಹನಿ ಹನಿ ನೋಡಿ ಕುಡಸ್ಯಾರ. 'ಜೀವದ ಕೂಡ ಆಟಾ ಆಡ್ಯಾಳ, ಇದನ್ನ ಓದಾಕ ಚಿಕ್ಕೋಡಿಗೆ ಹೋಗಬೇಕೇನ' ಅಂದ. ಬರೂ ಗುರುವಾರ ಆಕಿನ್ನ ಗಾಡಿ ಮ್ಯಾಲೆ ಕೂಡ್ರಿಸ್ಕೊಂಡ ಬಾ ಅಂದಾನ. ಪರೀಕ್ಷಾ ಗಿರೀಕ್ಷಾ ಏನೂ ಬ್ಯಾಡಂತ."

ಮನಿಷಾ ಬಾಗಲದಾಗ ನಿಂತು ಎಲ್ಲಾ ಕೇಳಿದಳು.

ಪರೀಕ್ಷಾಕ್ಕ ಹತ್ತು ದಿನ ಉಳದಿತ್ತು.

ಆಗಸ್ಟ್ ೧೧, ಸೋಮವಾರ

ಉಪಾಸ. ಎಲ್ಲಾ ಬರೀತೀನಿ.

ಹಾಲು ಹಾಕಿ ಬರೂದರೊಳಗ ಮನಿಷಾ ಟ್ರಂಕಿಗೆ ಪುಸ್ತಕಾ ತುಂಬಾಕತ್ತಿದ್ದಳು. ಕಣ್ಣು ಕೆಂಪಗಾಗಿದ್ದವು. "ನನ್ನ ಕೈಲೆ ಆಗೂದಿಲ್ಲ ಬಿಡ್ರಿ ಅತ್ತಿ," ಅಂದಳು. ನನಗ ಸಿಟ್ಟು ಬಂತು. ಯಾರ ಮ್ಯಾಲೆ ಅಂತ ಗೊತ್ತಾಗಲಿಲ್ಲ.

"ಮೂರೂ ಮಂದಿ ಕೆಲಸಾ ಬರೋಬ್ಬರಿ ಮಾಡ್ಯಾರ, ಹೌದಿಲ್ಲ?" ಅಂದೆ.

"ಹೌದ್ರಿ. ನೂರು ಸಲ ನೋಡೀನಿ."

"ಹಂಗಾದ್ರ ತೂಕಾ ಅವ್ರ ಹತ್ತರ ಹೋಗೂದಕ ಮೊದಲ ಏನೋ ಆಗೈತಿ. ಮಾಳಸಿದ್ದನ ಹಾಳಿ ನಾ ಓದ್ತೀನಿ. ನೀ ಪರದೆ ಮ್ಯಾಲೆ ಐತೋ ಇಲ್ಲೋ ನೋಡ್ಕೋತ ಹೋಗು."

ಕುಂತಿವಿ. ನಾ ಫೋನಿನಾಗಿನ ಹಾಳಿ ದೊಡ್ಡದು ಮಾಡಿ ಓದಿದೆ.

"ಇಪ್ಪತ್ತಾರೂವರಿ."

"ಐತ್ರಿ."

"ಇಪ್ಪತ್ತೇಳು."

"ಐತ್ರಿ."

"ಇಪ್ಪತ್ತೇಳು."

"ಈಗ ಹೇಳಿದ್ರೆಲ್ಲ."

"ಅದು ಬ್ಯಾರೆ, ಇದು ಬ್ಯಾರೆ. ಕೆಳಗ ಇನ್ನೂ ಎರಡು ಇಪ್ಪತ್ತೇಳು ಅದಾವ ನೋಡು. ನಾಕು."

ಮನಿಷಾ ಪರದೆ ಮ್ಯಾಲೆ ಬೆರಳು ಇಟ್ಟಳು. "ಅತ್ತೀ, ಇಲ್ಲಿ ಒಂದ ಐತಿ."

"ಉಳದ ಮೂರು ಎಲ್ಲಿ ಹೋದೂ?"

ಹುಡುಗಿ ಎರಡೂ ಕೈಲೆ ಹಣಿ ಬಡಕೊಂಡಳು. "ಸೆಟ್ ಹಾಕೀನಿ, ಅತ್ತಿ! ಸೆಟ್ಟಿನಾಗ ಒಂದ ಥರದ್ದು ಎರಡು ಸಲ ನಿಂದ್ರೂದಿಲ್ಲ. ಮೊದಲನೇದ್ದು ಇಟ್ಕೊಂಡು ಉಳದದ್ದು ತಗೊಳ್ಳೂದ ಇಲ್ಲ. ಪುಸ್ತಕದಾಗ ಮೊದಲನೇ ಸಾಲಿನಾಗ ಅದ ಬರದೈತಿ. ಬಾಯಿಪಾಠನೂ ಬರ್ತೈತಿ ನನಗ!"

ನಾಕು ಕುರಿ, ತೂಕಾ ಒಂದ. ಮಾರಿ ಬ್ಯಾರೆ ಬ್ಯಾರೆ. ಸೆಟ್ ತೂಕಾ ನೋಡಿತು, ಮಾರಿ ನೋಡಲಿಲ್ಲ. ನಮ್ಮ ಮನಿಯವರು ಮಾರಿ ನೋಡತಾರ, ತೂಕಾ ನೋಡೂದಿಲ್ಲ. ನಡುವ ಕುರಿ ಕಳದುವು.

ಖುಷಿಯಿಂದ ಎದ್ದು ನಿಂತವಳು ಹಂಗ ಕುಂತುಬಿಟ್ಟೆ. ಕಡೀ ಸಾಲು ನೆನಪಾತು. ಒಟ್ಟು ಎಷ್ಟು ಅನ್ನೂ ಸಾಲು. ಅದು ಇದ್ದಿದ್ದರ ಹಾಳಿಯಾಗಿನ ಲೆಕ್ಕಕ್ಕೂ ಅದಕ್ಕೂ ತಾಳೆ ನೋಡಿ ಮೊದಲನೇ ದಿನಾನ ಸಿಗತಿತ್ತು. ಅಳಿಸು ಅಂದಾಕಿ ನಾನು. ಮನಿಷಾಗ ಇದು ಆಗಲ ಹೊಳದಿರಬೇಕು, ಆದರ ಆಕಿ ಬಾಯಿ ಬಿಡಲಿಲ್ಲ. ಅದು ನನಗ ಇನ್ನೂ ಚುಚ್ಚಿತು.

ಒಂದು ಬಟ್ಟಲಿನಾಗ ಗೋವಿನಜ್ವಾಳದ ಕಾಳು ತಗೊಂಡು ಗುಡಿಗೆ ಹೋದೆ, ಮನಿಷಾನ್ನೂ ಕರಕೊಂಡು. ಆಕಿ ಹಾಳಿ ಓದಿದಳು, ಸಣ್ಣ ಮರಿಗಳನ್ನ ಬಿಟ್ಟು. ಒಂದು ತೂಕಕ್ಕ ಒಂದು ಕಾಳಿನಂಗ ನಾ ದೇವರ ಮುಂದ ಇಟ್ಟೆ. "ಅಪ್ಪಾ, ಕುರಿ ನಿನ್ನವು. ನಿನ್ನ ಕಣ್ಣ ಮುಂದ ಎಣಸಾಕತ್ತೀನಿ, ಬ್ಯಾರೆದವ್ರ ಕಣ್ಣು ಬೀಳಾಕ ಜಾಗಾ ಎಲ್ಲೈತಿ? ತಪ್ಪಾದ್ರ ನನ್ನ ಮ್ಯಾಲೆ ಇರ್ಲಿ," ಅಂದೆ. ಪೂಜಾರಿ ಏನವ್ವಾ ತಾರವ್ವಾ ಇದು ಯಾವ ಹರಕಿ ಅಂದ. ಜಾವಾ ಅಂದೆ.

ನಲವತ್ತಾರು ಕಾಳು. ಮನಿಷಾನ ಸೆಟ್ಟಿನಾಗ ಇಪ್ಪತ್ತೊಂಬತ್ತ ಇದ್ದುವು. ಹದಿನೇಳು ತೂಕಾ ಕಾಣಿ ಆಗಿದ್ದುವು!

ಮನಿಗೆ ಬಂದು ಸೆಟ್ ತಗದು ಲಿಸ್ಟ್ ಹಾಕಿದಳು. ಲಿಸ್ಟ್ ಬಂದದ್ದನ್ನ ಬಂದಂಗ ಇಟಗೋತೈತಿ, ನೀ ಯಾರು, ನಿನ್ನಂಥಾಂವ ಒಬ್ಬ ಮೊದಲ ಬಂದಾನ ಅಂತ ಕೇಳೂದಿಲ್ಲ. ಬಾಗಲದಾಂವ, ಬಾಟ್ಲಿಯಾಂವ, ನಮ್ಮ ಮಾವ, ಮೂವರನ್ನೂ ಮುಟ್ಟಲಿಲ್ಲ. ಮುನ್ನೂರಾ ಎಪ್ಪತ್ಮೂರು ಎಮ್ಮೆಲ್ ಅಂತ ಬಂತು. ಮೊದಲ ಕಳಸಿದ್ದು ಕಳದರ ನೂರಾ ಮೂವತ್ತೆಂಟು.

ಟ್ರಂಕಿನಾಗಿನ ಪುಸ್ತಕಾ ಹೊರಗ ತಗದು ನಾನ ಗೂಡಿನಾಗ ಇಟ್ಟೆ.

ಆಗಸ್ಟ್ ೧೨, ಮಂಗಳವಾರ

ಅಮೋಘಸಿದ್ದಗ ಗುರುವಾರದ ಹಾದಿ ಕಾಯಬ್ಯಾಡ, ಇವತ್ತ ಹೋಗು ಅಂದೆ. ಬಾಟ್ಲಿ ಕೊಟ್ಟೆ, ಚೀಟಿ ಕೊಟ್ಟೆ. ಮೂವತ್ತೆರಡು ವರ್ಷದ ಸಂಸಾರದಾಗ ಅವರಿಗೆ ನಾ ಬರದ ಮೊದಲನೇ ಚೀಟಿ. ಹಿಂಗ ಬರದೆ:

"ತಪ್ಪು ಹುಡುಗಿದ್ದು ಅರ್ಧ, ನಂದು ಅರ್ಧ. ಎಣಿಸಿ ತೋರಿಸತೀನಿ ಅಂದಾಕಿನ್ನ ನಾ ಬಾಯಿ ಮುಚ್ಚಿಸಿದೆ. ದೇವರ ಮುಂದ ಕೂತು ಎಣಿಸೇನಿ, ನಲವತ್ತಾರು ಅದಾವ, ಸಿಟ್ಟಿದ್ದರ ನನ್ನ ಮ್ಯಾಲೆ ಇರಲಿ. ಬಾಟ್ಲಿಯಾಗ ನೂರಾ ಮೂವತ್ತೆಂಟು ಎಮ್ಮೆಲ್ ಐತಿ. ಉಳದ ಕುರಿಗಳಿಗೆ ತೂಕಾ ನೋಡಿ ಕುಡಸ್ರಿ. ಈ ಸಲ ಒಂದು ಕುರಿಗೆ ಸಾಲದಿದ್ದರೂ ಮನಿಗೆ ಕೀಲಿ ಹಾಕಿ ಸೊಸಿ ಕೂಡ ನಾನೂ ಹಿಂಡಿಗೆ ಬರತೀನಿ. ಸಾಲಿದರ ಆಕಿ ಪರೀಕ್ಷಾಕ್ಕ ಕೂಡ್ರತಾಳ."

ಅಮೋಘಸಿದ್ದ ಓದಿ, "ವೈನಿ, ಅಣ್ಣ ನಲವತ್ತಾರು ಅನ್ನೂದ ನೋಡಿ ಜಿಗದು ಬಿದ್ದಾನು," ಅಂದ.

"ಬೀಳ್ಲಿ. ಔಷಧ ಕುಡಸಿ ಬೀಳ್ಲಿ."

ಆಗಸ್ಟ್ ೧೩, ಬುಧವಾರ

ಸುದ್ದಿ ಇಲ್ಲ. ಫೋನ್ ಹತ್ತಲಿಲ್ಲ. ಮನಿಷಾಗ ಹತ್ತು ಲೆಕ್ಕಾ ಕೊಟ್ಟೆ, ಒಂಬತ್ತು ಮಾಡಿದಳು.

ಆಗಸ್ಟ್ ೧೪, ಗುರುವಾರ

ಸಾಲಿತು!

ಅಮೋಘಸಿದ್ದ ಓಣಿ ತಿರುವಿನಾಗಿಂದ ಹಾರ್ನ್ ಬಾರಿಸಿಕೋತ ಬಂದ. ಎಲ್ಲಾ ಕುರಿಗೂ ಕುಡಿಸಿದ ಮ್ಯಾಲೆ ಇವರು ಬಾಟ್ಲಿ ಬೋರಲು ಹಾಕಿ ನೋಡಿದರಂತ. ತಳದಾಗಿಂದ ಒಂದೆರಡು ಹನಿ ಅಂಗೈಯಾಗ ಬಿದ್ದವಂತ.

"ಏನಂದ್ರು?" ಅಂದೆ.

"ನಿಮ್ಮ ವೈನಿ ಎಣಸಬಾರದಿತ್ತು ಅಂದ."

"ಮತ್ತ?"

"ಮತ್ತ ಒಂದು ಬೀಡಿ ಸೇದಿದ."

"ಮತ್ತೇನಂದ್ರು ಬೊಗಳೋ!"

"ಪರೀಕ್ಷಾಕ್ಕ ಹೋಗು ಅಂತ ಹೇಳು ಆಕಿಗೆ, ಅಂದ. ಈ ಸಲ ಬೀಳಬ್ಯಾಡ ಅಂತನೂ ಹೇಳು, ಅಂದ."

ಮನಿಷಾ ಒಳಗ ಓಡಿದಳು. ಅಮೋಘಸಿದ್ದಗ ಚಹಾಕ್ಕ ಎರಡು ಸಲ ಸಕ್ಕರಿ ಹಾಕಿದೆನಂತ, ಕುಡದ ಮ್ಯಾಲೆ ಹೇಳಿದ.

ಆಗಸ್ಟ್ ೧೮, ಸೋಮವಾರ

ನಾಕನೇ ಸೋಮವಾರ, ಉಪಾಸ. ಗುಡಿಯಿಂದ ಬಂದು ಮನಿಷಾಗ ಪರೀಕ್ಷಾ ಇಟ್ಟೆ. ಡೇರಿಯ ಹಾಲು: ಫ್ಯಾಟ್ ಕಡಿಮಿ ಬಂದ ಎಮ್ಮಿ ತಗದು, ಉಳದವುಗಳ ಹಾಲು ಕೂಡಸು. ಬರದಳು. ಈಗ ಕೂಡಸೂದು ಬ್ಯಾಡ, ಎಲ್ಲಾದ್ರಾಗ ದೊಡ್ಡದು ಯಾವದು ಅಂದೆ. ಬರದಳು. ಬಾಗಲದಾಂವ ಉಲ್ಟಾ ಹೇಳಲಿ, ಹೌದಂದದ್ದು ಇಲ್ಲ ಆಗಲಿ ಅಂದೆ. ಅದಕ್ಕೂ ಒಂದು ಮಾತು ಐತಂತ ಜಾವಾದಾಗ, ನಿಗೇಟ್! ಜಗಳಗಂಟರಿಗೂ ಜಾಗಾ ಇಟ್ಟಾರ.

"ಅತ್ತೀ, ಹೊರಗಿಂದ ಬರೂ ಪರೀಕ್ಷಕರು ನಿಮ್ಮಷ್ಟು ಕಾಡೂದಿಲ್ಲ," ಅಂದಳು.

ಆಗಸ್ಟ್ ೨೦, ಬುಧವಾರ

ಎಂಟರ ಬಸ್ಸಿಗೆ ಕಳಿಸಿ ಬಂದೆ. ಎಮ್ಮಿಗೆ ಮೇವು ಹಾಕಿದೆನೋ ಇಲ್ಲೋ ಅಂತ ಎರಡು ಸಲ ಹೋಗಿ ನೋಡಿದೆ. ನಾಕಕ್ಕ ಬಂದಳು, ನಾ ಬಸ್ ನಿಲ್ಲೂ ಕಡೆ ಹೋಗಿ ಕಾಯಾಕತ್ತಿದ್ದೆ. ಬಸ್ಸಿಳಿದು ಮನಿ ಮುಟ್ಟೂ ತನಕ ಹಾದಿ ತುಂಬ ಹೇಳಿಕೋತ ಬಂದಳು, ನಾ ಕೇಳಿಕೋತ ಬಂದೆ.

ಮಕ್ಕಳ ಮಾರ್ಕ್ಸಿನ ಲೆಕ್ಕಾ ಬಂದಿತ್ತಂತ. ಬರದು ತೋರಿಸಿದಳು. ನಡುವ ಪರೀಕ್ಷಕರು ಕೂಡಸೂದು ಬಿಡು, ಎಲ್ಲಾದ್ರಾಗ ದೊಡ್ಡದು ತಗೀ ಅಂದರಂತ. ಬಾಣದ ಬಲಗಡೆ ಅಷ್ಟ ಬದಲಿ ಮಾಡಿದಳಂತ. ಯಾಕ ಲಿಸ್ಟ್ ಹಾಕೀದಿ, ಸೆಟ್ ಯಾಕ ಇಲ್ಲ ಅಂತ ಕೇಳಿದರಂತ. ಇಬ್ಬರಿಗೆ ಒಂದ ಮಾರ್ಕ್ಸ್ ಬಂದರ ಒಬ್ಬರು ಕಾಣಿ ಆಗತಾರ ಅಂತ ಹೇಳಿ, ಕುರಿ ಔಷಧದ ಸುದ್ದಿ ಎಲ್ಲಾ ಹೇಳಿಬಿಟ್ಟಳಂತ. ಗೋವಿನಜ್ವಾಳದ ಕಾಳು ಸುದ್ಧಾ! ಪರೀಕ್ಷಕರು ಮೊದಲ ನಕ್ಕರಂತ, ಆಮ್ಯಾಲೆ ನಗೂದು ಬಿಟ್ಟು ಕುರ್ಚಿ ಹತ್ತರ ಎಳಕೊಂಡರಂತ.

ಆವಾಗ ಸೀಮಾ ಮೇಡಂ ನಡುವ ಬಾಯಿ ಹಾಕಿ, "ಕುರಿಗಳಿಗೆ ಲಿಸ್ಟಿಗಿಂತ ಮ್ಯಾಪ್ ಚಲೋ," ಅಂದರಂತ. ಮ್ಯಾಪ್ ಅಂದರ ಹೆಸರು ಬರದ ಖಾನಿಗಳು. ಒಂದು ಖಾನಿಗೆ ಒಂದು ಹೆಸರು, ಒಳಗ ಅದರ ತೂಕಾ. ಹೆಸರು ಹೇಳಿದರ ತೂಕಾ ಬರತೈತಿ. ಹೆಸರು ಬ್ಯಾರೆ ಇದ್ದರ ತೂಕಾ ಒಂದ ಇದ್ದರೂ ಕಾಣಿ ಆಗೂದಿಲ್ಲ.

"ನೀ ಏನಂದಿ?"

"ಹೌದ್ರಿ ಮೇಡಂ ಅಂದೆ."

"ಹೌದ್ ಹೆಂಗ ಆಗ್ತೈತಿ?" ಅಂದೆ. ಹಾದ್ಯಾಗ ನಿಂತುಬಿಟ್ಟೆ. "ನಮ್ಮ ಹಿಂಡಿನಾಗ ಚುಕ್ಕಿ ಅನ್ನೂವು ಮೂರು ಅದಾವ. ಎರಡನೇ ಚುಕ್ಕಿ ತೂಕಾ ಹಾಕೂ ಮುಂದ ಖಾನಿಯಾಗ ಮೊದಲನೇದ್ದು ಇರ್ತೈತೆಲ್ಲ. ಏನ ಆಗ್ತೈತಿ?"

ಮನಿಷಾನೂ ನಿಂತಳು. "ಮೊದಲನೇದ್ದು ಅಳಿಸಿ ಎರಡನೇದ್ದು ಕೂಡ್ರತೈತಿ, ಅತ್ತಿ."

"ಮತ್ತ ಕುರಿ ಕಳದೂವೆಲ್ಲ!"

ಮನಿಗೆ ಬಂದು ಚಪ್ಪಲಿ ಬಿಡೂದಕ ಮೊದಲ ಹಾಳಿ ಪೆನ್ನು ತಗೊಂಡೆ. ಪಾಸಾದದ್ದು ಬರಿಯೂದ ಮರತೆ. ಪಾಸ್ ಆಗ್ಯಾಳ. ಹೊರಗ ಬರೂ ಮುಂದ ಮೇಡಂ ಹೆಗಲ ಮ್ಯಾಲೆ ಕೈ ಇಟ್ಟು, ಪಾಸ್ ಆಗೀದಿ, ನಾಳೆ ಬಂದು ಮುಂದಿನ ಓದಿನ ಫಾರ್ಮ್ ತುಂಬು ಅಂದಾರ. ಮಾಳಸಿದ್ದಗ ಫೋನ್ ಮಾಡಿ ಹೇಳ್ಯಾಳ, ಅಲ್ಲಿ ಹಿಂದಿನಿಂದ ಇವರು ಕೆಮ್ಮಿದ್ದು ನನಗೂ ಕೇಳಿತು.

ಮೇಡಂಗ ಹಿಂಗ ಬರದೀನಿ:

"ಸೀಮಾ ಮೇಡಂ ಅವರಿಗೆ ಕಬ್ಬೂರಿನ ತಾರವ್ವನ ನಮಸ್ಕಾರ. ನಾನು ಮನಿಷಾನ ಅತ್ತಿ, ಏಳನೇ ಇಯತ್ತೆ ಪಾಸು. ನೀವು ಮ್ಯಾಪ್ ಚಲೋ ಅಂದಿರಂತ. ನಮ್ಮ ಕುರಿಗಳಾಗ ಮೂರಕ್ಕ ಒಂದ ಹೆಸರು ಐತಿ. ಹೆಸರು ಬದಲಿ ಮಾಡ್ರಿ ಅನ್ನಬ್ಯಾಡ್ರಿ, ಅವು ಹೊಸ ಹೆಸರಿಗೆ ತಿರುಗಿ ನೋಡೂದಿಲ್ಲ. ಹೆಸರಿನ ಖಾನಿಯೊಳಗ ಬರೇ ಒಂದು ತೂಕಾ ಇಡೂ ಬದಲು ಒಂದು ಇಡೀ ಲಿಸ್ಟ್ ಇಡಾಕ ಬರತೈತೇನು? ಬಂದರ ಬಾಟ್ಲಿ ಹಿಡದಾಂವಗ ಏನು ಹೇಳಬೇಕು? ಅವನಿಗೆ ಒಂದ ಕೆಲಸಾ ಐತಿ, ಅಂವ ಒಂದು ತೂಕಾ ಅಷ್ಟ ತಗೋತಾನ, ಲಿಸ್ಟ್ ಕೊಟ್ಟರ ಗಾಬರಿ ಆದಾನು. ದಯಮಾಡಿ ತಿಳಿಸಿ ಬರೀರಿ."

ಮನಿಷಾ ಓದಿ, "ಅತ್ತೀ, ಇದನ್ನ ನಾ ಹೆಂಗ ಕೊಡ್ಲಿ, ಮೇಡಂ ಏನಂದಾರು?" ಅನ್ನಾಕತ್ತಾಳ.

ಏನರ ಅನ್ಲಿ, ಅಂದೆ. ಮಗಳ, ನಾಳೆ ಫಾರ್ಮ್ ತುಂಬೂದಕ ಮೊದಲ ಚೀಟಿ ಕೊಡು. ಬಾಯಿಮಾತಿಲೆ ಹೇಳಿದ್ರ ನೀ ಅರ್ಧ ಮರತ ಬರ್ತಿ, ಹಾಳಿ ಮ್ಯಾಲೆ ಬರಸ್ಕೋ. ಮೇಡಂ ಕ್ಲಾಸಿನಾಗ ಇದ್ರ ಮುಗಿಯೂ ತನಕ ಬಾಗಲದಾಗ ನಿಂದ್ರು. ಒಂದು ಬಸ್ ತಪ್ಪಿದ್ರ ತಪ್ಪಲಿ, ನನ್ನ ಉತ್ತರಾ ತಗೊಂಡ ಬಾ.